ಲಾಂಡ್ರಿಯವರ ಮನೆಗೆ ಬಂದ ಚುಕ್ಕೆಗಳು

“ಈ ಮನೇಲಿ ಯಾರ ಮೈಮೇಲೂ ಒಂದು ಚುಕ್ಕೆ ಏಳೋದಿಲ್ಲ. ಎದ್ದರೆ, ಸಂಜೆಯೊಳಗೆ ಅದರ ಹುಟ್ಟೂರು ಯಾವುದು ಅಂತ ನಾನೇ ಹೇಳ್ತೀನಿ. ಹೇಳದಿದ್ರೆ ಅಂಗಡಿಗೆ ಬೀಗ!”

ಊಟದ ಮೇಜಿನಿಂದ ಹೀಗೆ ಘೋಷಣೆ ಹೊರಡಿಸಿದವರು ಕಲಾವಿದರು. ಅವರು ಚಿತ್ರ ಬರೆದವರಲ್ಲ, ಹಾಡು ಹೇಳಿದವರೂ ಅಲ್ಲ. ಕೆಳಗೆ ಲಾಂಡ್ರಿ, ಮೇಲೆ ಮನೆ ಮಾಡಿಕೊಂಡಿದ್ದ ಸಂಸಾರಸ್ಥರು. ಬಟ್ಟೆಯ ಮೇಲಿನ ಕಲೆ ತೆಗೆಯುವುದರಲ್ಲಿ ಎತ್ತಿದ ಕೈ ಆದ್ದರಿಂದ ಬೀದಿಯವರು ತಮಾಷೆಗೆ ಇಟ್ಟ ಹೆಸರು ಅದು. ಅವರು ಅದನ್ನು ಬಿರುದೆಂದೇ ತಿಳಿದು ಬಹಳ ಗಂಭೀರವಾಗಿ ಸ್ವೀಕರಿಸಿದ್ದರು.

ಘೋಷಣೆಗೆ ಕಾರಣ ಹೆಂಡತಿ ಕೇಳಿದ ಒಂದು ಪುಟ್ಟ ಪ್ರಶ್ನೆ. “ರೀ, ಗುಬ್ಬಿಗೆ ಚಿಕನ್‌ಪಾಕ್ಸ್ ಲಸಿಕೆ ಹಾಕಿಸೋದು ಬಾಕಿ ಇದೆ. ಕ್ಲಿನಿಕ್‌ನಿಂದ ಮತ್ತೆ ಫೋನ್ ಮಾಡಿದ್ರು. ಯಾವಾಗ ಕರ್ಕೊಂಡು ಹೋಗ್ತೀರಿ?”

ಗುಬ್ಬಿ ಎಂದರೆ ಅವರ ಒಬ್ಬಳೇ ಮಗಳು. ಏಳು ವರ್ಷ, ಬಾಯಿ ಮಾತ್ರ ಎಪ್ಪತ್ತರದು.

“ಲಸಿಕೆ ಯಾಕೆ? ನಮ್ಮಷ್ಟು ತೊಳೆಯೋ ಮನೆ ಈ ಬೀದೀಲಿ ಇನ್ನೊಂದಿದ್ಯಾ? ಕೊಳೆನೇ ಇಲ್ಲದ ಕಡೆ ಕಾಯಿಲೆ ಬಂದು ಏನು ಮಾಡುತ್ತೆ, ನೊಣ ಹೊಡೀತಾ ಕೂತ್ಕೊಳ್ಳುತ್ತಾ?”

ಇಷ್ಟು ಹೇಳಿ ಗತ್ತಿನಿಂದ ಕುರ್ಚಿಗೆ ಒರಗಬೇಕಿತ್ತು. ಒರಗಲಿಲ್ಲ. ಆ ದಿನಗಳಲ್ಲಿ ಅವರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರು, ಏಕೆಂದರೆ ಬೆನ್ನಿನ ಎಡಗಡೆ ಕೆಂಡ ಸವರಿದ ಹಾಗೆ ಉರಿ. ಅಂಗಡಿ ಇಕ್ಕಟ್ಟು, ಸ್ಟೀಮ್ ಇಸ್ತ್ರಿಯ ಪೈಪು ಬೆನ್ನ ಹಿಂದೆಯೇ ಹಾದುಹೋಗುತ್ತಿತ್ತು. ಪೈಪು ತಾಗಿ ಸುಟ್ಟಿದೆ ಎಂದು ಅವರು ತೀರ್ಪು ಕೊಟ್ಟಾಗಿತ್ತು. ಹೆಂಡತಿಗೆ ತಿಳಿದರೆ ಅಂಗಡಿ ಬಿಡಿಸಿ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆಂದು ಶುಶ್ರೂಷೆಯನ್ನು ಗುಟ್ಟಾಗಿ ಗುಬ್ಬಿಗೆ ವಹಿಸಿದ್ದರು. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಅಂಗಿ ಎತ್ತುವುದು, ಮಗಳು ಹತ್ತಿಯಲ್ಲಿ ತಣ್ಣನೆಯ ಮುಲಾಮು ಹಚ್ಚುವುದು.

“ಅಪ್ಪ, ಸಣ್ಣ ಸಣ್ಣ ಗುಳ್ಳೆ ಇವೆ. ಸಾಲಾಗಿ ನಿಂತಿವೆ.”

“ಪೈಪು ಉದ್ದಕ್ಕಿದೆ ಮಗಳೇ, ಗುಳ್ಳೆಯೂ ಉದ್ದಕ್ಕೇ ಬರುತ್ತೆ. ಉಜ್ಜಬೇಡ. ಒತ್ತಬೇಕು. ಕಲೆ ತೆಗೆಯೋರ ಮನೆ ಹುಡುಗಿ ನೀನು.”

ಗುಬ್ಬಿ ಒತ್ತಿದಳು. ಎಷ್ಟು ನಾಜೂಕಾಗಿ ಒತ್ತಿದಳೆಂದರೆ, ತನ್ನ ಕೈಚಳಕ ಮಗಳಿಗೆ ಹಾಗೆಯೇ ಇಳಿದುಬಂದಿದೆಯಲ್ಲ ಎಂದು ಕಲಾವಿದರಿಗೆ ಕಣ್ಣು ಒದ್ದೆಯಾಯಿತು. ಅವಳು ಅದೇ ಕೈಯಿಂದ ತನ್ನ ಮೂಗು ಉಜ್ಜಿಕೊಂಡದ್ದು ಆ ಒದ್ದೆ ಕಣ್ಣಿಗೆ ಕಾಣಲಿಲ್ಲ.

ಅವರ ವಿದ್ಯೆಯ ಬಗ್ಗೆ ಇನ್ನೆರಡು ಮಾತು ಹೇಳಿಬಿಡಬೇಕು. ಯಾವ ಕಲೆಯೇ ಬರಲಿ, ಮೊದಲು ಬಟ್ಟೆಯನ್ನು ತಿರುವಿ ಹಿಂಬದಿ ನೋಡಬೇಕೆಂಬುದು ಅವರ ಮೊದಲ ಪಾಠ. ಮುಂದುಗಡೆ ಕಲೆ ಸುಳ್ಳು ಹೇಳುತ್ತದೆ, ಹಿಂದುಗಡೆ ನಿಜ ಕಕ್ಕುತ್ತದೆ ಎನ್ನುತ್ತಿದ್ದರು. ಕೆಲಸಕ್ಕಿದ್ದ ಇಸ್ತ್ರಿಯವನಿಗೆ ಇದನ್ನು ದಿನಕ್ಕೊಂದು ಸಲ ಬೋಧಿಸುತ್ತಿದ್ದರು. ಅವನಿಗೆ ಬೋಧಿಸಿದ್ದ ಇನ್ನೊಂದು ಪಾಠ ಟೋಕನ್ನಿನದು. ಟೋಕನ್ ತೋರಿಸದೆ ಅಂಗಡಿಯಿಂದ ಒಂದು ಕರವಸ್ತ್ರವೂ ಹೊರಗೆ ಹೋಗಕೂಡದು. ಒಮ್ಮೆ ಸ್ವಂತ ಹೆಂಡತಿ ತನ್ನ ಶಾಲು ಕೇಳಲು ಬಂದಾಗಲೂ “ಟೋಕನ್ ಎಲ್ಲಿ?” ಎಂದು ಮಹಡಿಗೆ ವಾಪಸು ಕಳಿಸಿದ ಖ್ಯಾತಿ ಅವರದು. ಆ ಶಾಲಿನ ವಿಷಯ ಆ ಮನೆಯಲ್ಲಿ ಇನ್ನೂ ತಣ್ಣಗಾಗಿರಲಿಲ್ಲ.

ಬೆನ್ನಿನ ಗುಳ್ಳೆಗಳು ಒಣಗಿದವು. ಉರಿ ಮಾತ್ರ ಉಳಿಯಿತು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಮಹಡಿಯಿಂದ ಕೂಗಿದಳು.

“ರೀ, ಬನ್ನಿ ಇಲ್ಲಿ. ಗುಬ್ಬಿ ಮೈ ನೋಡಿ.”

ಹಿಂದಿನ ದಿನ ಗುಬ್ಬಿಗೆ ಮೈ ಬೆಚ್ಚಗಿತ್ತು. ಈಗ ಹೊಟ್ಟೆಯ ಮೇಲೆ, ಎದೆಯ ಮೇಲೆ, ಕಿವಿಯ ಹಿಂದೆ ಕೆಂಪು ಚುಕ್ಕೆಗಳು. ಕಲಾವಿದರು ಭೂತಗನ್ನಡಿ ಹಿಡಿದು ಬಂದರು. ಬಂದವರೇ ಮಗಳ ಅಂಗಿ ಬಿಚ್ಚಿಸಿ, ಅದನ್ನು ತಿರುವಿ, ಬೆಳಕಿಗೆ ಹಿಡಿದು, ಹಿಂಬದಿಯನ್ನು ಅಂಗುಲ ಅಂಗುಲವಾಗಿ ನೋಡಿದರು.

“ಅಂಗೀಲಿ ಏನೂ ಇಲ್ಲ.”

“ಅಂಗಿಗೆ ಏನೂ ಆಗಿಲ್ಲ ರೀ. ಆಗಿರೋದು ಮಗಳಿಗೆ. ಇದು ಅದೇ ಚಿಕನ್‌ಪಾಕ್ಸು, ಸೀತಾಳೆ ಸಿಡುಬೇ ಇರಬೇಕು.”

“ಛೆ. ಹೊಸ ಸೋಪಿನ ನೀರು ತಂದಿದ್ದೆನಲ್ಲ, ಬಟ್ಟೆ ಮೆತ್ತಗಾಗ್ಲಿ ಅಂತ? ಅದು ಒಗ್ಗಿಲ್ಲ. ನೂರಕ್ಕೆ ನೂರು ಅದೇ.” ಸಂಜೆಯ ಗಡುವಿಗೆ ಇನ್ನೂ ಇಡೀ ದಿನ ಇರುವಾಗಲೇ ಹುಟ್ಟೂರು ಸಿಕ್ಕಿತ್ತು. ಕಲಾವಿದರ ಮುಖ ಅರಳಿತು.

ಹೆಂಡತಿಯ ಮುಖ ಅರಳಲಿಲ್ಲ. “ನಾಳೆ ನನ್ನ ತಂಗಿ ಬರೋಳಿದ್ದಾಳೆ. ತುಂಬಿದ ಬಸುರಿ. ಬರೋದು ಬೇಡ ಅಂತ ಹೇಳಿಬಿಡ್ಲಾ?”

ಲಾಂಡ್ರಿಯವನ ಮನೆಗೆ ಬರಲು ನೆಂಟರು ಹೆದರುವುದೇ! ಕಲಾವಿದರು ಯುದ್ಧಕ್ಕೆ ಇಳಿದರು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಪರದೆ, ಕಾಲೊರಸು ಎಲ್ಲವೂ ಮೆಷಿನ್ನಿಗೆ ಹೋದವು. ಗುಬ್ಬಿಯ ಗೊಂಬೆಯೂ ಹೋಯಿತು, ಬರುವಾಗ ಕೂದಲಿಲ್ಲದೆ ಬಂತು. ಇಷ್ಟಕ್ಕೂ ಹೆಂಡತಿಯ ಅನುಮಾನ ಹೋಗದ್ದನ್ನು ಕಂಡು, ಅಂಗಡಿಗೆ ಇಳಿದು, ಯಾರಿಗೂ ಹೇಳದೆ ನಾದಿನಿಗೆ ಫೋನ್ ಹಚ್ಚಿದರು. “ನಾಳೆ ತನಕ ಯಾಕಮ್ಮ ಕಾಯ್ತೀಯ? ಇವತ್ತೇ ಹೊರಡು. ನಾವು ಎಲ್ಲಾದ್ರೂ ಹೊರಗೆ ಹೋಗಿದ್ರೂ ಬೀಗದ ಕೈ ಅಂಗಡೀಲಿ ಇಟ್ಟಿರ್ತೀನಿ. ಗುಬ್ಬಿ ಕೋಣೆ ಈಗಷ್ಟೇ ತೊಳೆದು ಹಾಸಿದೆ, ಆರಾಮಾಗಿ ಮಲಗು.” ಬಸುರಿಯೊಬ್ಬಳು ಬಂದು ಮಲಗಿ ನಗುನಗುತ್ತಾ ಎದ್ದರೆ ಯಾರಿಗೆ ತಾನೆ ಅನುಮಾನ ಉಳಿಯುತ್ತದೆ?

ಮಧ್ಯಾಹ್ನದ ಹೊತ್ತಿಗೆ ಚುಕ್ಕೆಗಳು ಇಮ್ಮಡಿಯಾದವು. ಕೆಲವುಗಳ ನೆತ್ತಿಯ ಮೇಲೆ ನೀರು ನಿಂತಿತು. ಕಲಾವಿದರು ಭೂತಗನ್ನಡಿ ಹಿಡಿದು ಬಾಗಿದವರು ಹಾಗೆಯೇ ನಿಂತುಬಿಟ್ಟರು. ಅವರು ಇಷ್ಟು ವರ್ಷ ನೋಡಿದ ಕಲೆಗಳೆಲ್ಲ ಮೇಲಿಂದ ಬಿದ್ದವು: ಚಹಾ, ಶಾಯಿ, ಎಣ್ಣೆ, ತುಕ್ಕು. ಇದು ಒಳಗಿನಿಂದ ಎದ್ದು ಬರುತ್ತಿತ್ತು. ಹುಲ್ಲಿನ ತುದಿಯ ಇಬ್ಬನಿಯಷ್ಟು ತಿಳಿಯಾದ ನೀರು, ಸುತ್ತ ಒಂದು ಕೆಂಪು ಅಂಚು. ಹೆದರಿಕೆಯ ಜೊತೆಗೇ ಅವರಿಗೆ ಇನ್ನೊಂದು ಭಾವನೆಯೂ ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಯಿತು. ಎಂಥ ಅಚ್ಚುಕಟ್ಟು ಕೆಲಸ, ಅನ್ನಿಸಿತು.

“ಅಪ್ಪ, ತುಂಬಾ ಕಡಿಯುತ್ತೆ” ಎಂದಳು ಗುಬ್ಬಿ, ಸಣ್ಣ ದನಿಯಲ್ಲಿ. ಅವಳು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಆ ಮನೆ ಕೇಳಿದ್ದೇ ಇಲ್ಲ. ಕಲಾವಿದರು ಭೂತಗನ್ನಡಿಯನ್ನು ಜೇಬಿಗಿಟ್ಟು ತೆಪ್ಪಗೆ ಚಪ್ಪಲಿ ಮೆಟ್ಟಿದರು.

ಹೆಂಡತಿ ಮೊದಲೇ ಕ್ಲಿನಿಕ್ಕಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದಳು. ಮುಂಬಾಗಿಲಿಗೆ ಬರಬೇಡಿ, ಹಿಂಬಾಗಿಲಿಂದ ಬನ್ನಿ ಎಂದಿದ್ದರು. ನರ್ಸು ಅಲ್ಲೇ ಕಾದು ನಿಂತು, ಯಾರೂ ಇಲ್ಲದ ಕೋಣೆಗೆ ನೇರವಾಗಿ ಕರೆದೊಯ್ದಳು.

“ನೋಡಿದ್ಯಾ? ನಮ್ಮ ಹೆಸರು ಕೇಳಿ ಎಷ್ಟು ಮರ್ಯಾದೆ” ಎಂದರು ಕಲಾವಿದರು.

“ಮರ್ಯಾದೆ ಅಲ್ಲ ಸರ್” ಎಂದಳು ನರ್ಸು. “ಆಚೆ ಕೂತಿರೋ ಮಕ್ಕಳಿಗೆ ಅಂಟಬಾರದು ಅಂತ.”

ಡಾಕ್ಟರಮ್ಮ ಬಂದರು. ಭೂತಗನ್ನಡಿ ಇಲ್ಲ, ಅಂಗಿ ತಿರುವಲಿಲ್ಲ. ಒಂದೇ ನೋಟ. “ಚಿಕನ್‌ಪಾಕ್ಸ್” ಎಂದರು. ಕಲಾವಿದರ ಬಾಯಿ ತೆರೆದೇ ಉಳಿಯಿತು. ಕಾಫಿ ಕಲೆಯೋ ಚಹಾ ಕಲೆಯೋ ಎಂದು ಹೇಳಲು ಅವರು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು.

“ಉಗುರು ಗಿಡ್ಡ ಕತ್ತರಿಸಿ. ಗುಳ್ಳೆ ಒಡೀಬೇಡಿ. ಜ್ವರಕ್ಕೆ ನಾನು ಬರೆದ ಔಷಧಿ ಮಾತ್ರ, ಮನೇಲಿರೋ ಆಸ್ಪಿರಿನ್ ಕೊಡಲೇಬೇಡಿ. ಉಸಿರಾಡೋಕೆ ಕಷ್ಟ ಆದ್ರೆ, ತುಂಬಾ ಮಂಕಾದ್ರೆ, ತಕ್ಷಣ ಫೋನ್ ಮಾಡಿ. ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ ಶಾಲೆಗೆ ಬೇಡ. ಶಾಲೆಗೆ ಇವತ್ತೇ ತಿಳಿಸಿ.”

“ಶಾಲೆಗೆ ಯಾಕೆ ಡಾಕ್ಟ್ರೇ? ಸುಮ್ಮನೆ ಊರಿಗೆಲ್ಲ ಡಂಗುರ. ಲಾಂಡ್ರಿಯವರ ಮನೇಲಿ ಚುಕ್ಕೆ ಎದ್ದಿದೆ ಅಂದ್ರೆ ಗಿರಾಕಿಗಳು...”

“ಚುಕ್ಕೆ ಏಳೋಕೆ ಒಂದೆರಡು ದಿನ ಮೊದಲೇ ಇದು ಅಂಟೋಕೆ ಶುರು ಆಗುತ್ತೆ. ನಿಮ್ಮ ಮಗಳು ಮೊನ್ನೆ ತರಗತೀಲಿ ಕೂತಿದ್ದಳಲ್ಲ? ಮುಟ್ಟಬೇಕಾಗಿಲ್ಲ, ಒಂದೇ ಕೋಣೆಯ ಗಾಳಿ ಸಾಕು.”

ಕಾಣಿಸುವ ಮೊದಲೇ ಹರಡುವ ಕಲೆ! ಕಲಾವಿದರು ಗಾಳಿಯನ್ನೇ ದಿಟ್ಟಿಸಿ ನೋಡಿದರು, ಅದರಲ್ಲಿ ಏನಾದರೂ ಕಂಡೀತೆಂದು. ಅಷ್ಟರಲ್ಲಿ ಹೆಂಡತಿ ಶಾಲೆಗೆ ಫೋನ್ ಮಾಡಿ ಮುಗಿಸಿದ್ದಳು.

“ಮನೇಲಿ ಯಾರಾದ್ರೂ ಬಸುರಿ ಇದ್ದಾರಾ?” ಎಂದು ಡಾಕ್ಟರಮ್ಮ ಕೇಳಿದರು.

“ನನ್ನ ತಂಗಿ ಬರೋಳಿದ್ಲು. ಪುಣ್ಯಕ್ಕೆ ನಾಳೆ ಬರೋದು. ಈಗಲೇ ಹೇಳ್ತೀನಿ, ಬರಬೇಡ ಅಂತ.”

ಕಲಾವಿದರು ಕೆಮ್ಮಿದರು. “ನಾಳೆ ಅಲ್ಲ.”

“ಮತ್ತೆ?”

“ಇವತ್ತು. ನಾನೇ ಕರೆದೆ. ಈಗ ಬಂದಿರಬೇಕು. ಗುಬ್ಬಿ ಹಾಸಿಗೇಲೇ ಮಲಗು ಅಂದಿದ್ದೀನಿ.”

ಹೆಂಡತಿ ಆಗಲೇ ತಂಗಿಗೆ ಫೋನ್ ಹಚ್ಚಿದ್ದಳು. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಅವರಿಗೆ ಮೊದಲು ಬಂದಿಲ್ಲದಿದ್ರೆ, ಲಸಿಕೆನೂ ಆಗಿಲ್ಲದಿದ್ರೆ, ಇದು ತಮಾಷೆ ಅಲ್ಲ. ಅವರ ಶ್ವಾಸಕೋಶಕ್ಕೆ ಇಳೀಬಹುದು. ಮಗುವಿಗೂ ಅಪಾಯ ಇದೆ.”

ನಾದಿನಿಯ ಫೋನ್ ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಕಲಾವಿದರು ಓಡಿದರು. ಮದುವೆಯಾದ ಮೇಲೆ ಅವರು ಓಡಿದ್ದು ಅದೇ ಮೊದಲು. ಹೊಟ್ಟೆ ಮುಂದೆ, ಅವರು ಹಿಂದೆ. ಹೊಸದಾಗಿ ಒಗೆದು ಹಾಸಿದ ಹಾಸಿಗೆ, ಗುಬ್ಬಿ ಇಡೀ ಬೆಳಿಗ್ಗೆ ಉಸಿರಾಡಿದ ಆ ಮುಚ್ಚಿದ ಕೋಣೆ, ಅಲ್ಲಿ ಹಾಯಾಗಿ ಮಲಗಿರುವ ನಾದಿನಿ. ಯಾವ ಸೋಪಿನಲ್ಲಿ ತೊಳೆಯುವುದು ಇದನ್ನು? ಓಡುತ್ತಲೇ ಅವರಿಗೆ ಅಳು ಬಂತು.

ಬೀದಿಯ ತಿರುವಿನಲ್ಲೇ ಜಗಳ ಕೇಳಿಸಿತು. ಅಂಗಡಿಯ ಕಟ್ಟೆಯ ಮುಂದೆ ನಾದಿನಿ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಸೊಂಟದ ಮೇಲೆ. ಒಳಗೆ ಇಸ್ತ್ರಿಯವನು, ಕೋಟೆ ಕಾಯುವವನಂತೆ.

“ಅಲ್ಲಪ್ಪ, ನಾನು ಯಜಮಾನರ ನಾದಿನಿ. ಬೀಗದ ಕೈ ನನಗೇ ಅಂತ ಇಟ್ಟಿದ್ದಾರೆ.”

“ಇರಬಹುದು ಅಮ್ಮ. ಟೋಕನ್?”

“ಬೀಗದ ಕೈಗೆ ಎಂಥ ಟೋಕನ್ನು?”

“ಟೋಕನ್ ಇಲ್ಲದೆ ಇಲ್ಲಿಂದ ಏನೂ ಕೊಡಕೂಡದು ಅಂತ ಅಪ್ಪಣೆ ಆಗಿದೆ. ಅವರ ಹೆಂಡತೀಗೇ ಕೊಟ್ಟಿಲ್ಲ.”

“ಮುಕ್ಕಾಲು ಗಂಟೆಯಿಂದ ನಿಲ್ಲಿಸಿದ್ದೀಯ ನನ್ನ. ಫೋನ್ ಚೀಲದ ತಳದಲ್ಲಿದೆ, ಬಗ್ಗೋಕೂ ಆಗಲ್ಲ.”

“ಕೂತ್ಕೊಳ್ಳಿ ಅಂತ ಸ್ಟೂಲ್ ಕೊಟ್ಟಿದ್ದೀನಲ್ಲ ಅಮ್ಮ.”

ಕಲಾವಿದರಿಗೆ ಇಸ್ತ್ರಿಯವನನ್ನು ಇಸ್ತ್ರಿಪೆಟ್ಟಿಗೆ ಸಮೇತ ತಬ್ಬಿಕೊಳ್ಳಬೇಕೆನಿಸಿತು. ಬೀದಿಯ ಆಚೆಯಿಂದಲೇ, ಏದುಸಿರಿನಲ್ಲಿ, ನಾದಿನಿಗೆ ಎಲ್ಲವನ್ನೂ ಹೇಳಿದರು. ಅವಳು ಬೈಯಲು ತೆರೆದ ಬಾಯಿ ಮುಚ್ಚಿ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. ಕೈ ಹೊಟ್ಟೆಯ ಮೇಲೆ ಹೋಯಿತು.

“ನನಗೆ ಚಿಕ್ಕಂದಿನಲ್ಲಿ ಬಂದಿತ್ತೋ ಇಲ್ವೋ ಗೊತ್ತಿಲ್ಲ ಭಾವ.”

ಆ ದಿನವೇ ಅವಳು ಊರಿನಲ್ಲಿದ್ದ ಗೆಳತಿಯ ಮನೆಗೆ ಹೋದಳು. ಡಾಕ್ಟರಮ್ಮ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

ಹೆಂಡತಿ ಅಂದಿನಿಂದ ಕಲಾವಿದರೊಡನೆ ಊಟ, ಸ್ನಾನಗಳ ಮಟ್ಟಿಗೆ ಮಾತ್ರ ಮಾತಾಡಿದಳು. ಹೀಗಾಗಿ, ಹೋದ ಮಾನವನ್ನು ಮರಳಿ ತರಲು ಅವರಿಗೆ ಉಳಿದದ್ದು ಒಂದೇ ದಾರಿ. ಈ ಚುಕ್ಕೆಯ ಹುಟ್ಟೂರು ಹುಡುಕುವುದು! ಯಾರೋ ತಂದು ತಮ್ಮ ಮಗಳಿಗೆ ಅಂಟಿಸಿದ್ದಾರೆ. ಅವರನ್ನು ಹಿಡಿದು ನಾಲ್ಕು ಜನರ ಮುಂದೆ ನಿಲ್ಲಿಸಬೇಕು.

ಮೊದಲು ಶಾಲೆ. ಹೆಡ್‌ಮಿಸ್ ಮುಂದೆ ನಿಂತು, “ಇಲ್ಲಿ ಯಾವ ಮಗು ಮೇಡಂ, ಕಾಯಿಲೆ ಮುಚ್ಚಿಟ್ಕೊಂಡು ಬಂದದ್ದು?” ಎಂದು ಗುಡುಗಿದರು.

“ಯಾವ ಮಗುವೂ ಇಲ್ಲ. ನಿಮ್ಮ ಗುಬ್ಬಿಯದೇ ಮೊದಲನೇದು” ಎಂದರು ಹೆಡ್‌ಮಿಸ್. ಆಮೇಲೆ ಎದ್ದು ನಿಂತರು. “ನಿಮ್ಮ ಮನೆಯವರಿಗೆ ನಾವು ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಅದೇ ತರಗತೀಲಿ ಒಂದು ಮಗು ಇದೆ. ದೊಡ್ಡ ಕಾಯಿಲೆಗೆ ಔಷಧಿ ತಗೊಳ್ತಾ ಇದೆ, ಮೈಯಲ್ಲಿ ತಡೆಯೋ ಶಕ್ತೀನೇ ಇಲ್ಲ. ಫೋನ್ ಬಂದ ತಕ್ಷಣ ಅವರ ಅಪ್ಪ ಅಮ್ಮನಿಗೆ ಹೇಳಿದ್ವಿ, ಅವತ್ತೇ ಆಸ್ಪತ್ರೇಲಿ ಇಂಜೆಕ್ಷನ್ ಆಯ್ತು. ಒಂದು ವಾರ ತಡವಾಗಿದ್ರೆ ಏನಾಗ್ತಿತ್ತೋ.”

ಜಗಳಕ್ಕೆ ಬಂದ ಕಲಾವಿದರು ಕೈ ಮುಗಿದು ಹೊರಬಂದರು. ಡಂಗುರ ಎಂದು ತಾವು ಹೀಯಾಳಿಸಿದ ಆ ಅರ್ಧ ನಿಮಿಷದ ಫೋನ್ ಕರೆ ಯಾವ ಮನೆಯ ಬಾಗಿಲಿನವರೆಗೆ ಹೋಗಿ ನಿಂತಿತ್ತು ಎಂದು ನೆನೆದು ಮೈ ಜುಮ್ಮೆಂದಿತು. ಹೆಂಡತಿಯ ಬಗ್ಗೆ ಮನಸ್ಸಿನಲ್ಲೇ ಒಂದು ಭಯಭಕ್ತಿ ಹುಟ್ಟಿತು. ಆದರೂ ಹುಡುಕಾಟ ಬಿಡಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೋಳಿ ಸಾಕಿದ್ದರು.

“ಮೇಷ್ಟ್ರೇ, ನಿಮ್ಮ ಕೋಳಿಗಳಿಗೆ ಮೈ ಹುಷಾರಿದೆಯಾ?”

“ನಿಮಗಿಂತ ಚೆನ್ನಾಗಿವೆ. ಹೆಸರಲ್ಲಿ ಕೋಳಿ ಇದ್ದ ಮಾತ್ರಕ್ಕೆ ನನ್ನ ಕೋಳೀನ ಯಾಕೆ ಎಳೀತೀರಿ? ನಿಮಗೂ ಕಲಾವಿದರು ಅಂತ ಹೆಸರಿದೆ, ಏನು ವೀಣೆ ನುಡಿಸ್ತೀರಾ?”

ಶಾಲೆಯ ವ್ಯಾನಿನ ಡ್ರೈವರ್ ಅಂಗಿಯ ತೋಳು ಮಡಿಸಿ, ತನ್ನ ಮೈಮೇಲೆ ಹಳೇ ಗಾಯ ಬಿಟ್ಟರೆ ಏನೂ ಇಲ್ಲವೆಂದು ತೋರಿಸಿದ. ಹೀಗೆ ಬೀದಿಯಲ್ಲಿ ಎಲ್ಲರೂ ನಿರಪರಾಧಿಗಳೆಂದು ಸಾಬೀತಾಗಿ, ಕಲಾವಿದರನ್ನು ಕಂಡರೆ ಎಲ್ಲರೂ ಬಾಗಿಲು ಹಾಕಿಕೊಳ್ಳುವ ಹಂತಕ್ಕೆ ಬಂತು.

ಆ ಹೊತ್ತಿಗೆ ಡಾಕ್ಟರಮ್ಮ ಬರಹೇಳಿದರು. ನಾದಿನಿಯ ರಕ್ತದ ಫಲಿತಾಂಶ ಬಂದಿತ್ತು, ಗುಬ್ಬಿಯನ್ನೂ ಮತ್ತೊಮ್ಮೆ ನೋಡಬೇಕಿತ್ತು. ಮೂವರೂ ಹಿಂಬಾಗಿಲಿಂದ ಹೋದರು. ಗುಬ್ಬಿಯ ಮೈಮೇಲೆ ಈಗ ಹೊಸ ಚುಕ್ಕೆ ಇರಲಿಲ್ಲ, ಇದ್ದವೆಲ್ಲ ಹಕ್ಕಳೆ ಕಟ್ಟುತ್ತಿದ್ದವು. ದನಿಯೂ ಮೊದಲಿನಷ್ಟೇ ದೊಡ್ಡದಾಗಿತ್ತು.

“ನಿಮ್ಮ ತಂಗಿಗೆ ಚಿಕನ್‌ಪಾಕ್ಸ್ ಬಂದೇ ಇಲ್ಲ. ತಡೆಯೋ ಶಕ್ತಿ ಅವರ ರಕ್ತದಲ್ಲಿ ಚೂರೂ ಇಲ್ಲ” ಎಂದರು ಡಾಕ್ಟರಮ್ಮ. “ಮೆಟ್ಟಿಲು ಹತ್ತದೇ ಇದ್ದದ್ದು ಅವರ ಅದೃಷ್ಟ. ಹೆರಿಗೆ ಆದ ಮೇಲೆ ಅವರಿಗೂ ಲಸಿಕೆ ಹಾಕೋಣ. ಅಲ್ಲೀವರೆಗೆ ದೂರ ಇರಲಿ.”

ಹೆಂಡತಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಕಲಾವಿದರು ದೊಪ್ಪೆಂದು ಕುರ್ಚಿಗೆ ಒರಗಿದರು. ಒರಗಿದವರೇ “ಅಯ್ಯೋ” ಎಂದು ಚಿಮ್ಮಿ ಎದ್ದರು.

“ಏನಾಯ್ತು?”

“ಏನಿಲ್ಲ ಡಾಕ್ಟ್ರೇ. ಹೋದ ತಿಂಗಳು ಸ್ಟೀಮ್ ಪೈಪು ತಾಗಿ ಬೆನ್ನು ಸುಟ್ಟಿತ್ತು. ಗುಳ್ಳೆ ಒಣಗಿದೆ, ಉರಿ ಹೋಗಿಲ್ಲ.”

“ಗುಳ್ಳೆ ಎದ್ದಿತ್ತಾ?”

“ಹೂಂ, ಸಾಲಾಗಿ ನಿಂತಿದ್ವು” ಎಂದಳು ಗುಬ್ಬಿ, ಹೆಮ್ಮೆಯಿಂದ. “ಒಂದೇ ಕಡೆ. ನಾನೇ ದಿನಾ ಮುಲಾಮು ಹಚ್ತಿದ್ದೆ. ಉಜ್ಜಲಿಲ್ಲ, ಒತ್ತಿದೆ.”

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. “ಚಿಕ್ಕಂದಿನಲ್ಲಿ ನಿಮಗೆ ಚಿಕನ್‌ಪಾಕ್ಸ್ ಬಂದಿತ್ತಾ?”

“ಬಂದಿತ್ತು. ಬಂದು ಹೋಯ್ತು.”

“ಬಂದಿತ್ತು. ಹೋಗಿಲ್ಲ.”

ಆಗ ಹೆಂಡತಿ ಬಾಯಿ ಬಿಟ್ಟಳು. ಎಷ್ಟೋ ದಿನಗಳ ಮೇಲೆ ಗಂಡನಿಗೆ ಊಟ, ಸ್ನಾನದ್ದಲ್ಲದ ಮಾತು. “ರೀ, ತಿರುಗಿ. ಹಿಂಬದಿ ನೋಡೋಣ.”

ಕಲಾವಿದರು ತಿರುಗಿದರು. ಅಂಗಿ ಎತ್ತಿದರು. ಬೆನ್ನೆಲುಬಿನಿಂದ ಹೊರಟು, ಎಡ ಪಕ್ಕೆಯನ್ನು ಸುತ್ತಿ, ಮುಂದಕ್ಕೆ ಬಾಗಿದ ಒಂದು ಪಟ್ಟಿ. ಒಂದು ಚುಕ್ಕೆಯೂ ಬೆನ್ನಿನ ನಡುಗೆರೆ ದಾಟಿ ಬಲಕ್ಕೆ ಹೋಗಿರಲಿಲ್ಲ.

“ಇದು ಪೈಪಲ್ಲ, ಸರ್ಪಸುತ್ತು” ಎಂದರು ಡಾಕ್ಟರಮ್ಮ. “ಚಿಕ್ಕಂದಿನ ಚಿಕನ್‌ಪಾಕ್ಸ್ ವಾಸಿ ಆದ್ಮೇಲೆ ಅದರ ವೈರಸ್ ಮೈ ಬಿಟ್ಟು ಹೋಗಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ಹತ್ತು ವರ್ಷ, ಮೂವತ್ತು ವರ್ಷ. ಒಂದು ದಿನ ಎದ್ದು, ಆ ಒಂದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತೆ. ಗುಳ್ಳೆಯ ನೀರು ತಾಗಿದ್ರೆ, ಲಸಿಕೆ ಆಗದ ಮಗುವಿಗೆ ಚಿಕನ್‌ಪಾಕ್ಸ್ ಬರುತ್ತೆ. ಇವಳಿಗೆ ಬಂದಿರೋದು ಬಹುಶಃ ನಿಮ್ಮಿಂದಲೇ.”

ನರ್ಸು ಎರಡು ಕನ್ನಡಿ ಹಿಡಿದು ತೋರಿಸಿದಳು. ಕಲಾವಿದರು ಜೀವನದಲ್ಲಿ ಮೊದಲ ಬಾರಿಗೆ ತಮ್ಮ ಬೆನ್ನನ್ನು ತಾವೇ ನೋಡಿದರು. ಅರೆ ಚಡ್ಡಿಯ ಕಾಲದಲ್ಲಿ ಬಂದ ಕಲೆ! ತಾವು ಓದು ಬಿಟ್ಟಾಗ, ಅಂಗಡಿ ತೆರೆದಾಗ, ಮದುವೆಯಾದಾಗ, ಗುಬ್ಬಿಯನ್ನು ಮೊದಲ ಸಲ ಎತ್ತಿಕೊಂಡಾಗ, ಎಲ್ಲ ಕಾಲದಲ್ಲೂ ಅದು ಒಳಗೇ ಸದ್ದಿಲ್ಲದೆ ಮಲಗಿತ್ತು. ಊರವರ ಅಂಗಿಗಳನ್ನೆಲ್ಲ ತಿರುವಿ ತಿರುವಿ ಹಿಂಬದಿ ನೋಡಿದವರು ತಮ್ಮದೊಂದನ್ನು ಮಾತ್ರ ತಿರುವಿರಲಿಲ್ಲ. ಅವರಿಗೆ ನಾಚಿಕೆಯೂ ಆಯಿತು, ಆದರೆ ಅದಕ್ಕಿಂತ ದೊಡ್ಡದಾಗಿ ಬೆರಗಾಯಿತು. ಅವರು ಕನ್ನಡಿಯಿಂದ ಕಣ್ಣು ಕೀಳಲಾರದೆ ನಿಂತರು.

“ಅಪ್ಪ, ಹಾಗಾದ್ರೆ ನಂದೂ ನಿಂದೂ ಒಂದೇನಾ?” ಎಂದಳು ಗುಬ್ಬಿ, ಬಹಳ ಖುಷಿಯಿಂದ.

“ಒಂದೇ ಮಗಳೇ.” ಕಲಾವಿದರು ಅವಳ ತಲೆ ಸವರಿದರು. “ಇನ್ನು ಮೇಷ್ಟ್ರ ಹತ್ರ, ಹೆಡ್‌ಮಿಸ್ ಹತ್ರ, ಆ ಡ್ರೈವರ್ ಹತ್ರ ನಾನೇ ಹೋಗಿ ಹೇಳ್ತೀನಿ, ಎಲ್ಲಿಂದ ಬಂತು ಅಂತ.”

ಹೆಂಡತಿ ಅವರ ಅಂಗಿಯನ್ನು ಕೆಳಗೆಳೆದು ಸರಿ ಮಾಡಿದಳು. ಮುಖದಲ್ಲಿ ನಗು ಬರುತ್ತಿತ್ತು, ಬಿಡಲಿಲ್ಲ.

“ಹೇಳಿ ಹೇಳಿ. ಅದಕ್ಕೆ ಮೊದಲು ನನಗೊಂದು ಹೇಳಿ. ಟೋಕನ್ ಇಲ್ಲ ಅಂತ ನನಗೆ ನನ್ನ ಶಾಲನ್ನೇ ಕೊಡ್ಲಿಲ್ಲ ನೀವು. ಮೂವತ್ತು ವರ್ಷ ಜೋಪಾನ ಮಾಡಿ ಇಟ್ಕೊಂಡಿದ್ದನ್ನ ಮಗಳಿಗೆ ಹೇಗ್ರೀ ಕೊಟ್ರಿ, ಟೋಕನ್ ಕೇಳದೆ?”